ಸಾಲು ತುಂಬುವ ತನಕ

ಜೂನ್ 4, ಗಿಣಿಗೇರಾ. ಬೆಳಿಗ್ಗೆ
ಅಂಗಳ ಎರಡನೇ ಸಲ ಗುಡಿಸಿದೆ. ಫ್ಯಾಕ್ಟರಿಯ ಕರಿ ಪುಡಿ. ಕೂಸು ಬಂದ ಮೇಲೆ ದಿನಕ್ಕೆಷ್ಟು ಸಲ ಗುಡಿಸಬೇಕೋ...

ತಳಕಲ್‌ನಿಂದ ಅವ್ವನ ಫೋನು. ಮದುವೆಯಾಗದ ಹೆಣ್ಣು ದತ್ತು ತಗೊಳ್ಳುವುದನ್ನು ಹೇಗೋ ನುಂಗಿಕೊಂಡಿದ್ದಾಳೆ. ಇನ್ನೊಂದು ಮುಳ್ಳು ಗಂಟಲಲ್ಲೇ ಇತ್ತು.

“ಅದು ಯಾವ ಮಂದಿ ಕೂಸಂತ ಕೇಳಿಯೇನವಾ?”

“ಹಸಿವಾಗೋ ಮಂದಿ ಕೂಸು, ಬೇ.”

ಫೋನು ಕಟ್. ಅವಳೂ ಹೊರಗೆ ನಿಂತು ನೀರು ಹೊಯ್ಯಿಸಿಕೊಂಡವಳೇ. ಆದರೂ ಕೇಳುತ್ತಾಳೆ. ಈ ರೋಗ ಮೇಲಿಂದ ಕೆಳಗಿನ ತನಕ ಹರಿದಿದೆ.

ಸಂಜೆಗೆ ರೈಲು, ಕೂಸನ್ನು ಕರೆತರಲು ಭುವನೇಶ್ವರಕ್ಕೆ. ಗಂಗಾವತಿಯಿಂದ ಶಾಯಿಸ್ತಾ ಬರುತ್ತಾಳೆ. ಹೋರಾಟದ ಸಂಘದಲ್ಲಿ ಹತ್ತು ವರ್ಷದ ಜೊತೆಗಾತಿ. ನಾನೊಬ್ಬಳೇ ಹೋದರೆ ದತ್ತು ಆಫೀಸಿನವರ ಜೊತೆ ಜಗಳ ತೆಗೆಯುತ್ತೇನಂತೆ.

ಜೂನ್ 7, ಭುವನೇಶ್ವರ. 11 ಗಂಟೆ
ಕೈಗೆ ಕೊಟ್ಟರು. ಲಿಪ್ಸಾ. ನಾಲ್ಕು ವರ್ಷ. ಅಳಲಿಲ್ಲ. ನನ್ನ ಬೆರಳನ್ನೂ ಹಿಡಿಯಲಿಲ್ಲ.

ಮಕ್ಕಳ ಮನೆಯ ಮೇಡಂ ಹೇಳಿದರು: ಎರಡು ದಿನ ಲಾಡ್ಜಿನಲ್ಲೇ ಇರಿ, ಹೊಂದಿಕೊಳ್ಳದಿದ್ದರೆ ಕರೆದುಕೊಂಡು ಬನ್ನಿ. ವಾಪಸ್ ಮಾಡುವುದಕ್ಕೆ ಇದೇನು ಸೀರೆಯೇ? ನಾಲಿಗೆ ತುದಿಗೆ ಬಂದಿತ್ತು. ಶಾಯಿಸ್ತಾ ಕಾಲು ತುಳಿದಳು.

ಮಧ್ಯಾಹ್ನ
ಅನ್ನ, ಬೇಳೆ ಮುಂದಿಟ್ಟು ಒಂದು ತಾಸಾಯಿತು. ಚಕ್ಕಳ ಮಕ್ಕಳ ಹಾಕಿ ಕೂತಿದೆ. ಕೈ ತೊಡೆಯ ಮೇಲೆ. ಕಣ್ಣು ಬಾಗಿಲ ಕಡೆ. ತುತ್ತು ಹಿಡಿದರೆ ಮುಖ ತಿರುಗಿಸುತ್ತದೆ. ಶಾಯಿಸ್ತಾ ಕುಣಿದು ತೋರಿಸಿದಳು. ಊಹೂಂ.

ಡಿಸಿ ಆಫೀಸಿನ ಮುಂದೆ ಉಪವಾಸ ಕೂತವಳು ನಾನು. ಎದುರು ಪಾರ್ಟಿಗೆ ಹೇಗಿರುತ್ತದೆ ಅಂತ ಇವತ್ತು ತಿಳಿಯಿತು. ನನ್ನನ್ನು ಒಲ್ಲೆ ಅನ್ನುತ್ತಿದೆಯೇ? ನಾಳೆಯೂ ಹೀಗೇ ಕೂತರೆ ನಾನೇ ವಾಪಸ್ ಕರೆದೊಯ್ಯಬೇಕು...

3 ಗಂಟೆ
ಗಿಣಿಗೇರಾದ ಸಬಿತಾಗೆ ಫೋನು ಹಚ್ಚಿದೆ. ಒಡಿಶಾದವಳು, ನಮ್ಮ ಓಣಿಯವಳು, ಗಂಡ ಫ್ಯಾಕ್ಟರಿಯಲ್ಲಿ. ಕೂಸಿನ ಕಿವಿಗೆ ಹಿಡಿದೆ. ಮೊದಲ ಸಲ ಅದರ ದನಿ ಕೇಳಿದ್ದು. ಸಣ್ಣ ದನಿ, ಗಟ್ಟಿ ಮಾತು.

“ಅಕ್ಕಾ, ಎಲ್ಲಾರೂ ಬಂದಿಲ್ಲ ಅಂತೈತಿ,” ಅಂದಳು ಸಬಿತಾ. “ಸಾಲು ಕುಂತಮ್ಯಾಲ ಉಣತಾರಂತ.”

ಅಲ್ಲಿ ಎಲ್ಲ ಮಕ್ಕಳೂ ಸಾಲಾಗಿ ಕೂರುವ ತನಕ ಯಾರೂ ತುತ್ತು ಎತ್ತುವಂತಿಲ್ಲ. ಉಳಿದವರು ಬರುತ್ತಾರೆಂದು ಕಾಯುತ್ತಿದೆ.

ಬಿಕ್ಕಳಿಸಿ ಅತ್ತೆ. ಬರೆಯುವುದಕ್ಕೇನು ನಾಚಿಕೆ.

ಸಾಲು ಅಂದರೆ ನನಗೆ ಉರಿ. ಕನಕಗಿರಿ ಕಡೆಯ ಒಂದು ಗುಡಿಯಲ್ಲಿ ನಮ್ಮವರ ಊಟದ ಸಾಲು ಚಪ್ಪಲಿ ಬಿಡುವ ಕಡೆ. ಒಳಗಿನ ಸಾಲಿಗೆ ನುಗ್ಗಿ ಕೂತು ಏಟು ತಿಂದಿದ್ದೇವೆ. ಆ ಸಾಲು ಕೆಲವರನ್ನು ಹೊರಗಿಟ್ಟೇ ಉಣ್ಣುತ್ತಿತ್ತು. ಈ ಕೂಸಿನ ಸಾಲು ಒಬ್ಬರು ಹೊರಗಿದ್ದರೂ ಉಣ್ಣುವುದಿಲ್ಲ.

ವರಾಂಡದಲ್ಲಿ ಚಾದರ ಹಾಸಿದೆ. ಶಾಯಿಸ್ತಾ, ಲಾಡ್ಜಿನ ವಾಚ್‌ಮನ್, ಕಸ ಗುಡಿಸುವ ಅಮ್ಮ, ಎಲ್ಲರನ್ನೂ ಊಟಕ್ಕೆ ಕರೆದೆ. ಆ ಅಮ್ಮ ಗೋಡೆಗಂಟಿ ನಿಂತಳು. ಬಕೆಟ್ ತೋರಿಸಿದಳು, ಪೊರಕೆ ತೋರಿಸಿದಳು. ಗೊತ್ತು ತಾಯಿ, ನನಗೆ ಅದು ಯಾವ ಭಾಷೆಯಲ್ಲಾದರೂ ಗೊತ್ತು. ಕೈ ಹಿಡಿದು ಕೂಸಿನ ಪಕ್ಕಕ್ಕೇ ಕೂರಿಸಿದೆ.

ಲಿಪ್ಸಾ ಎಡಕ್ಕೆ ನೋಡಿತು. ಬಲಕ್ಕೆ ನೋಡಿತು. ಎಲ್ಲರ ತಾಟಿನಲ್ಲೂ ಅನ್ನ ಇದೆ. ಕಲಸಿತು. ಉಂಡಿತು. ಇನ್ನಷ್ಟು ಬೇಕೆಂದು ತಾಟು ನನ್ನ ಕಡೆ ತಳ್ಳಿತು. ಶಾಯಿಸ್ತಾ ಕಡೆ ಅಲ್ಲ, ನನ್ನ ಕಡೆ.

“ಕೋರಂ ಇಲ್ಲದ ಮೀಟಿಂಗ್ ಶುರು ಮಾಡಂಗಿಲ್ಲ,” ಶಾಯಿಸ್ತಾ ಅಂದಳು. “ನಿನಗಿಂತ ದೊಡ್ಡ ಲೀಡರ್ ಐತಿ ಬಿಡವಾ.”

ಸಂಜೆ
ಹಾಸಿಗೆಯ ಮೇಲೆ ಕೂಸು ನಿದ್ದೆ. ಎದೆಯ ಮೇಲಿನ ಕಲ್ಲು ಇಳಿದಿದೆ.

ಅವ್ವ ತಾನೇ ಫೋನು ಮಾಡಿದಳು. ನಡೆದದ್ದು ಹೇಳಿದೆ.

“ನೀವಿಬ್ಬರೇ ಕುಂತ್ರ ಆ ಕೂಸು ಸಾಲು ಅಂತೈತೇನ? ಒಪ್ಪಂಗಿಲ್ಲದು. ನಾನೂ ಗಿಣಿಗೇರಾಕ್ಕ ಬರ್ತೀನಿ ತಗೋ.”

ಕೂಸು ಎದ್ದಿತು. ಏನೋ ಕರೆಯುತ್ತಿದೆ. ಶಾಯಿಸ್ತಾ ಹೋದರೆ ಬೇಡವಂತೆ. ನನ್ನನ್ನೇ. ಬಂದೆ, ಬಂ—