ಪತ್ತೇದಾರನ ಹೆಬ್ಬೆರಳು

ಅಪ್ಪಾ,

ಇವತ್ತು ಆಫೀಸಿನಲ್ಲಿ ನಿನ್ನ ಕೆಲಸ ಮಾಡಿದೆ. ನಮ್ಮ ಹೊಸ ವಿಡಿಯೋ ಗೇಮ್‌ನಲ್ಲಿ ಹಳೇ ಕಾಲದ ಪತ್ತೇದಾರನೊಬ್ಬ ಹ್ಯಾಂಡಲ್ ತಿರುಗಿಸಿ ಕಾರು ಸ್ಟಾರ್ಟ್ ಮಾಡುತ್ತಾನೆ. ದೀಪ, ಬಾಗಿಲು, ಬಣ್ಣ ಎಲ್ಲ ಆ ಕಾಲದ್ದೇ. ಆದರೆ ಪುಣ್ಯಾತ್ಮ ಹ್ಯಾಂಡಲಿಗೆ ಹೆಬ್ಬೆರಳು ಸುತ್ತಿ ಮುಷ್ಟಿ ಕಟ್ಟಿ ಹಿಡಿದಿದ್ದ. ಇಂಜಿನ್ ಹ್ಯಾಂಡಲನ್ನು ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತದಲ್ಲ! ಅದನ್ನು ಉಳಿದ ಬೆರಳುಗಳ ಪಕ್ಕಕ್ಕೆ ಸರಿಸಿದೆ.

“ಇದನ್ನೆಲ್ಲಾ ಯಾರು ನೋಡ್ತಾರೆ ತಾಯಿ?” ಎಂದ ಪಕ್ಕದ ಮೇಜಿನವನು.

“ನಮ್ಮಪ್ಪ ಇದ್ದಿದ್ರೆ ಕೈಗೆ ಬಾರಿಸ್ತಿದ್ರು” ಎಂದೆ.

ಹತ್ತು ವರ್ಷದವಳಿದ್ದಾಗ ನಾನೂ ಹ್ಯಾಂಡಲನ್ನು ಹಾಗೇ ಹಿಡಿದಿದ್ದಕ್ಕೆ ನೀನು ಬಾರಿಸಿದ್ದೆ. ಯಾಕೆಂದು ಹೇಳಿಯೂ ಇದ್ದೆ. ನಾನೇ ಮುಖ ಊದಿಸಿಕೊಂಡು ಹೋದವಳು, ಮತ್ತೆ ನಿನ್ನ ಗ್ಯಾರೇಜಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಸಂಜೆ ಸುಮ್ಮನೆ ಖುಷಿಗೆ ಆ ಕಾರನ್ನು ನಾಲ್ಕೈದು ಸಲ ಸ್ಟಾರ್ಟ್ ಮಾಡಿದೆ.

ಇದನ್ನು ಟೈಪ್ ಮಾಡುತ್ತಿರುವ ಹತ್ತು ಬೆರಳೂ ನೆಟ್ಟಗಿವೆ, ಅಪ್ಪಾ.