ಜಪಾನಿನ ಕವಯಿತ್ರಿ, ಶನಿವಾರದ ಕಾಫಿ

೨೮ ಅಕ್ಟೋಬರ್ ೨೦೦೬, ಶನಿವಾರ

ಲ್ಯಾಬ್ ಅರ್ಧ ದಿನ. ಮಟಾಟು, ಅಂದರೆ ಈ ಪರದೇಶದ ಶೇರ್ ವ್ಯಾನ್, ಹಿಡಿದು ಎರಡಕ್ಕೆ ನ್ಗಾರಾ ಬಡಾವಣೆಯ ನನ್ನ ಮನೆ. ಮೂರಕ್ಕೆ ಮಧುಕರ ಬಂದರು, ಎಂದಿನಂತೆ ತೋಟದ ಬೀನ್ಸ್ ಹಿಡಿದು. ನಮ್ಮ ಔಷಧಿ ಫ್ಯಾಕ್ಟರಿಯಲ್ಲೇ ಪ್ರೊಡಕ್ಷನ್ ಮ್ಯಾನೇಜರ್. ಹೆಂಡತಿ ತೀರಿಕೊಂಡು ಆರು ವರ್ಷ. ಜೂನ್‌ನಲ್ಲಿ ಒಂದೇ ಸಲ ಕೇಳಿದ್ದು, ಮದುವೆಯಾಗೋಣವೇ ಎಂದು. ಯೋಚಿಸಿ ಹೇಳುತ್ತೇನೆ ಎಂದೆ. ಆಮೇಲೆ ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಶನಿವಾರದ ಕಾಫಿ ಮಾತ್ರ ತಪ್ಪಿಲ್ಲ. ನಲವತ್ತೆಂಟಕ್ಕೆ ಇದೆಲ್ಲ ಬೇಕಿತ್ತೇ ನನಗೆ...

೫ ನವೆಂಬರ್

ಇಲ್ಲಿನ ಕನ್ನಡ ಸಂಘದವರು ರಾಜ್ಯೋತ್ಸವದ ಮಕ್ಕಳ ನಾಟಕ ನನ್ನ ತಲೆಗೆ ಕಟ್ಟಿದ್ದಾರೆ. ಜಪಾನಿನ ಆಸ್ಥಾನ ಕವಯಿತ್ರಿಯೊಬ್ಬಳ ಕಥೆ ಆರಿಸಿದೆ. ಸಾವಿರ ವರ್ಷಕ್ಕೂ ಹಿಂದಿನವಳು. ಮಹಾ ಸುಂದರಿಯಂತೆ. ಖಚಿತವಾಗಿ ಉಳಿದಿರುವುದು ಕೆಲವು ಪದ್ಯ ಮಾತ್ರ. ಮಿಕ್ಕದ್ದೆಲ್ಲ ಜನ ಕಟ್ಟಿದ್ದು. ನೂರು ರಾತ್ರಿ ಬಂದು ಬಾಗಿಲಲ್ಲಿ ಕಾದರೆ ಒಪ್ಪುತ್ತೇನೆ ಎಂದು ಒಬ್ಬನಿಗೆ ಹೇಳಿದಳಂತೆ. ತೊಂಬತ್ತೊಂಬತ್ತು ರಾತ್ರಿ ಬಂದ. ನೂರನೆಯದಕ್ಕೆ ಮೊದಲೇ ಸತ್ತ. ಆ ಪಾಪಕ್ಕೆ ಅವಳನ್ನು ಮುದುಕಿ ಮಾಡಿ ಭಿಕ್ಷೆಗೂ ಕಳಿಸಿದ್ದಾರೆ ಕಥೆಗಾರರು. ಓದಿ ಸಿಟ್ಟು ಬಂತು.

೧೨ ನವೆಂಬರ್

ರಿಹರ್ಸಲ್. ಕವಯಿತ್ರಿಯ ಪಾರ್ಟು, ಸಂಘದಲ್ಲಿ ಎಲ್ಲರಿಗೂ ಸಂಬಂಧ ಕುದುರಿಸುವ ಗಿರಿಜಾಳ ಮಗಳು ಸಾನ್ವಿಗೆ. ಕನ್ನಡ ಮಾತುಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಿದ್ದಾಳೆ. ನಡುವೆ ನಿಲ್ಲಿಸಿ ಕೇಳಿದಳು:

"ಆಂಟಿ, ವೈ ಡಿಡಂಟ್ ಶೀ ಜಸ್ಟ್ ಸೇ ನೋ ಆನ್ ಡೇ ಒನ್?"

ಮೊದಲು ಡೈಲಾಗ್ ಬಾಯಿಪಾಠ ಮಾಡು ಎಂದು ಗದರಿದೆ.

೧೯ ನವೆಂಬರ್

ನಾಟಕ ಮುಗಿಯಿತು. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಗ್ರೀನ್ ರೂಮಿನಲ್ಲಿ ಗಿರಿಜಾ ಬ್ಯಾಗಿನಿಂದ ಪಂಚಾಂಗ ತೆಗೆದಳು. ಧನುರ್ಮಾಸ ಹಿಡಿಯುವ ಮೊದಲು, ಡಿಸೆಂಬರ್ ಹತ್ತಕ್ಕೆ ನಿಶ್ಚಿತಾರ್ಥ — ನನ್ನದೇ! ಪುರೋಹಿತರಿಗೂ ಹೇಳಿಯಾಗಿದೆಯಂತೆ.

"ಐದು ತಿಂಗಳಿಂದ ಮನೆಗೆ ಬರ್ತಿದಾರೆ ಅಂದ್ಮೇಲೆ ನೀವು ಒಪ್ಪಿದ ಹಾಗೇ ಅಲ್ವೇನ್ರೀ?"

ಮಧುಕರ ಬಾಗಿಲಲ್ಲೇ ನಿಂತಿದ್ದರು. ಅವರ ಮುಖ ಅರಳಿತ್ತು. ಮಕ್ಕಳ ವೇಷ ಮಡಿಸುವ ನೆಪದಲ್ಲಿ ನಾನು ಆಚೆ ತಿರುಗಿದೆ.

೨೫ ನವೆಂಬರ್, ಶನಿವಾರ, ಸಂಜೆ ಐದು

ಹೇಳಿಬಿಟ್ಟೆ. ಮದುವೆ ಬೇಡ. ಒಬ್ಬಳೇ ಇದ್ದು ಅಭ್ಯಾಸ, ಅದೇ ಇಷ್ಟ...

ಮಧುಕರ ಕಾಫಿ ಲೋಟ ಕೆಳಗಿಟ್ಟರು. ಆಮೇಲೆ, "ಜೂನ್‌ನಲ್ಲೇ ಹೇಳ್ಬೋದಿತ್ತಲ್ಲಾರೀ."

"ಹೇಳಿದ್ರೆ ನೀವು ಬರೋದು ನಿಂತ್ಹೋಗ್ತಿತ್ತು."

ಬಾಯಿಂದ ಬಂದ ಮೇಲೆಯೇ ಗೊತ್ತಾಯಿತು, ಅದು ನಿಜವೆಂದು. ನಾಚಿಕೆಯಾಯಿತು. ಆ ಕವಯಿತ್ರಿಗೂ ಹೀಗೇ ಆಗಿತ್ತೋ ಏನೋ. ಅವಳನ್ನು ಕೇಳಿದವರು ಯಾರು?

ಗಿರಿಜಾಗೆ ತಾವೇ ಫೋನ್ ಮಾಡಿ ತಿಳಿಸುತ್ತೇನೆ ಎಂದು ಎದ್ದರು. ಗೇಟಿನವರೆಗೆ ಹೋದೆ. ಕಾರಿನ ಬಾಗಿಲು ತೆರೆದು, ಹತ್ತದೆ ನಿಂತರು. ಮುಂದಿನ ಶನಿವಾರ ಬರಬಹುದೇ ಎಂದು ಕೇಳಿದರು.

ಈ ಸಲ ಯೋಚಿಸಲಿಲ್ಲ. ಬನ್ನಿ ಎಂದೆ, ತಕ್ಷಣ.