ನಿಂತಿದ್ದ ಸ್ಕೂಟರಿನ ಅತಿವೇಗ

ಮಾನ್ಯ ಅಪಘಾತ ತನಿಖಾಧಿಕಾರಿಗಳೇ,

ಕೆಂಪು ದೀಪಕ್ಕೆ ಮರ್ಯಾದೆ ಕೊಟ್ಟು ಸ್ಕೂಟರು ನಿಲ್ಲಿಸಿಕೊಂಡಿದ್ದ ನನ್ನ ಅಕ್ಕನ ಲೈಸೆನ್ಸನ್ನು ‘ಅತಿವೇಗದ ಚಾಲನೆ’ಗಾಗಿ ನೀವು ಅಮಾನತಿನಲ್ಲಿಟ್ಟಿದ್ದೀರಿ. ಹಿಂದಿನಿಂದ ಬಂದು ಗುದ್ದಿದ ಸಿಮೆಂಟ್ ಲಾರಿಯನ್ನು ‘ಮಂದಗತಿಯ ವಾಹನ’ ಎಂದು ಕರೆದು ಬೀಳ್ಕೊಟ್ಟಿದ್ದೀರಿ. ನಾನು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸುವವನು. ನಿಂತ ವಾಹನದ ವೇಗ ಸೊನ್ನೆ ಎಂದು ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೇನೆ. ಈ ವಿಷಯದಲ್ಲಿ ಏನಾದರೂ ತಿದ್ದುಪಡಿ ಆಗಿದ್ದರೆ ದಯವಿಟ್ಟು ಸುತ್ತೋಲೆ ಕಳಿಸಿ, ಪರೀಕ್ಷೆ ಹತ್ತಿರ ಬರುತ್ತಿದೆ.

ನಿಮ್ಮ ವಿಭಾಗದ ಪದ್ಧತಿ ಬಹಳ ಸರಳವಾದದ್ದು. ಡಿಕ್ಕಿಯಾದ ಜಾಗದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕುತ್ತೀರಿ. ಅಲ್ಲಿಂದ ಟೇಪು ಹಿಡಿದು ಯಾವ ವಾಹನ ಎಷ್ಟು ದೂರದಲ್ಲಿದೆ ಎಂದು ಅಳೆಯುತ್ತೀರಿ. ದೂರ ಹೋಗಿ ಬಿದ್ದದ್ದು ಜೋರಾಗಿ ಓಡುತ್ತಿದ್ದ ವಾಹನ, ಹತ್ತಿರ ಉಳಿದದ್ದು ಸಾವಕಾಶವಾಗಿ ಬರುತ್ತಿದ್ದ ವಾಹನ. ಅಕ್ಕನ ಸ್ಕೂಟರು ರಸ್ತೆಯ ಆಚೆ ಬದಿಯ ಔಷಧಿ ಅಂಗಡಿಯ ಮೆಟ್ಟಿಲ ಬಳಿ ಸಿಕ್ಕಿತು. ಕೊನೇ ಗಳಿಗೆಯಲ್ಲಿ ಬ್ರೇಕು ತುಳಿದ ಲಾರಿ ಗುರುತಿನಿಂದ ತುಸು ಮುಂದೆ ನಿಂತಿತ್ತು, ಅದರ ಬಂಪರಿನ ಬಣ್ಣ ಒಂದಿಷ್ಟು ಕೆರೆದುಹೋಗಿತ್ತು. ಅಲ್ಲಿಗೆ ನ್ಯಾಯ ತೀರ್ಮಾನವಾಯಿತು. ಈ ಲೆಕ್ಕದಲ್ಲಿ ಒದೆ ತಿಂದ ಚೆಂಡೇ ಮೈದಾನದ ಮಹಾ ಓಟಗಾರ, ಒದ್ದವನು ಪಾಪ, ನಿಂತಲ್ಲೇ ಇದ್ದ. ಕೋಣ ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರನ್ನು ಕೇಳಿದ್ದೆ; ಟೇಪು ಹಿಡಿದು ಕರುವಿನ ಉದ್ದ ಅಳೆದವರನ್ನು ಈಗಲೇ ನೋಡುತ್ತಿರುವುದು.

ಒಂಬತ್ತನೇ ತರಗತಿಯ ಪಾಠವನ್ನು ನಿಮ್ಮಂಥವರಿಗೆ ಒಪ್ಪಿಸಬೇಕಾಗಿ ಬಂದದ್ದಕ್ಕೆ ಕ್ಷಮೆಯಿರಲಿ. ವಾಹನದ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದರೆ ಸಿಗುವುದು ಸಂವೇಗ. ಡಿಕ್ಕಿಯ ಆ ಕ್ಷಣದಲ್ಲಿ ಲಾರಿ ಕಳೆದುಕೊಂಡಷ್ಟು ಸಂವೇಗ ಸ್ಕೂಟರಿಗೆ ಸೇರುತ್ತದೆ. ಮೂಟೆ ತುಂಬಿದ ಲಾರಿಗೆ ಅದು ಕಳೆದುಕೊಂಡದ್ದೂ ಗೊತ್ತಾಗದಷ್ಟು. ಸ್ಕೂಟರಿಗಾದರೋ ಅಷ್ಟು ಸಾಕು, ಹಾರಿ ಹೋಗುತ್ತದೆ. ಇನ್ನು ಚಲನಶಕ್ತಿಯ ಲೆಕ್ಕ ಬೇರೆ. ವೇಗ ಎರಡು ಪಟ್ಟಾದರೆ ಅದು ನಾಲ್ಕು ಪಟ್ಟಾಗುತ್ತದೆ. ಅದು ಎಲ್ಲಿಗಾದರೂ ಹೋಗಬೇಕಲ್ಲ? ಬಂಪರು ಬಗ್ಗದಿದ್ದರೆ ತಗಡಿಗೆ ಹೋಗುತ್ತದೆ, ತಗಡು ಮುಗಿದ ಮೇಲೆ ಮೂಳೆಗೆ. ಈ ಸಲ ಅದು ಅಕ್ಕನ ತೊಡೆಯ ಮೂಳೆಗೆ ಹೋಯಿತು. “ಸ್ವಲ್ಪ ಜೋರಾಗಿ ಬಂದೆ ಸಾರ್, ಸ್ವಲ್ಪ ಅಷ್ಟೇ” ಎಂದು ಲಾರಿಯ ಚಾಲಕ ತಾನಾಗಿ ಒಪ್ಪಿಕೊಂಡಿದ್ದ. ನಿಮ್ಮವರು ಅದನ್ನು ವಿನಯವೆಂದು ತಿಳಿದಿರಬೇಕು.

ಇದನ್ನೆಲ್ಲ ಹೇಳಲು ನಿಮ್ಮ ಕಚೇರಿಗೆ ಬಂದಿದ್ದೆ. ಸ್ಕೂಟರು ನಿಂತಿದ್ದನ್ನು ಕಣ್ಣಾರೆ ಕಂಡ ಔಷಧಿ ಅಂಗಡಿಯವರೂ ಜೊತೆಗಿದ್ದರು. ನೀವು ಅವರಿಗೆ “ಕಣ್ಣು ಮೋಸ ಮಾಡುತ್ತೆ ಕಣ್ರೀ, ಟೇಪು ಮಾಡಲ್ಲ” ಎಂದು ಹೇಳಿ ಕಳಿಸಿದಿರಿ. ಆಮೇಲೆ ನನ್ನ ಕಡೆ ತಿರುಗಿದಿರಿ.

“ಏನ್ ಮೇಷ್ಟ್ರೇ, ಕ್ರಿಯೆಗೆ ಪ್ರತಿಕ್ರಿಯೆ ಸಮ ಅಂತ ನೀವೇ ತಾನೇ ಪಾಠ ಮಾಡೋದು? ಲಾರಿ ನಿಮ್ಮಕ್ಕನಿಗೆ ಎಷ್ಟು ಗುದ್ದಿತೋ, ಅವರೂ ಲಾರಿಗೆ ಅಷ್ಟೇ ಗುದ್ದಿದಾರೆ. ಲಾರಿಯವನು ದೂರು ಕೊಟ್ಟಿಲ್ಲ, ಅದು ಅವನ ದೊಡ್ಡತನ.”

ಬಲ ಸಮವೇ ಸ್ವಾಮಿ, ನಾನು ಇಲ್ಲವೆನ್ನುವುದಿಲ್ಲ. ನೀವು ಹಣೆಯನ್ನು ಗೋಡೆಗೆ ಬಡಿದುಕೊಂಡರೆ ಗೋಡೆಗೂ ಅಷ್ಟೇ ಪೆಟ್ಟು ಬೀಳುತ್ತದೆ. ಬುಗುಟೆ ಮಾತ್ರ ಹಣೆಗೇ ಬರುತ್ತದೆ. ಪ್ರಯೋಗಕ್ಕೆ ನಿಮ್ಮ ಕಚೇರಿಯಲ್ಲಿ ಗೋಡೆಗಳಿಗೇನೂ ಕೊರತೆ ಇರಲಿಲ್ಲ.

ಅಕ್ಕ ನರ್ಸು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ಟುವುದು ಅವಳ ಕೆಲಸ. ಸ್ಕೂಟರಿಲ್ಲದೆ ಆ ಕೆಲಸವಿಲ್ಲ, ಲೈಸೆನ್ಸಿಲ್ಲದೆ ಸ್ಕೂಟರಿಲ್ಲ. ಕಾಲು ಕೂಡಿಕೊಳ್ಳುತ್ತಿದೆ, ಗೋಡೆ ಹಿಡಿದು ಅಡುಗೆಮನೆಯವರೆಗೆ ನಡೆಯುತ್ತಾಳೆ. ನನ್ನ ಚಿಂತೆ ಕಾಲಿನದಲ್ಲ. ಅವಳಿಗೆ ನೆನಪಿರುವುದು ಕೆಂಪು ದೀಪ, ಆಮೇಲೆ ಆಸ್ಪತ್ರೆಯ ಸೂರು. ನಡುವೆ ಏನಾಯಿತೆಂದು ಅವಳು ತಿಳಿದುಕೊಂಡದ್ದು ನಿಮ್ಮ ಆದೇಶ ಓದಿಯೇ. ಮೊನ್ನೆ ಊಟ ಮಾಡುತ್ತಿದ್ದವಳು ಕೈ ನಿಲ್ಲಿಸಿದಳು.

“ಲೋ, ನಾನು ನಿಜವಾಗ್ಲೂ ನಿಂತಿದ್ನೇನೋ?”

“ನಿಂತಿದ್ದೆ ಕಣಕ್ಕಾ.”

“ಮತ್ತೆ ಅಷ್ಟು ದೊಡ್ಡ ಆಫೀಸಿನೋರು ಸುಮ್ಮನೆ ಬರೀತಾರಾ? ಸೀಲು ಬೇರೆ ಹಾಕಿದಾರೆ.”

ಸಂವೇಗದಿಂದ ಹಿಡಿದು ಶಕ್ತಿಯವರೆಗೆ ಎಲ್ಲವನ್ನೂ ವಿವರಿಸಿದೆ. ತಟ್ಟೆಯ ಅಂಚಿನಲ್ಲಿ ಎರಡು ಬಟಾಣಿ ಇಟ್ಟು ಡಿಕ್ಕಿ ಮಾಡಿಸಿ ತೋರಿಸಿದೆ. ಅವಳು ತಲೆಯಾಡಿಸಿದಳು. ಕೈ ತೊಳೆಯಲು ಎದ್ದವಳು, “ಪಾಪ ಲಾರಿಯವನಿಗೇನೂ ಆಗ್ಲಿಲ್ಲ ಅಲ್ವಾ?” ಎಂದು ಕೇಳಿದಳು. ಇಷ್ಟು ಹೊತ್ತು ತಮಾಷೆಯಾಗಿ ಬರೆದೆ, ಸ್ವಾಮಿ. ಆ ಮಾತಿನ ಮೇಲೆ ನನಗೆ ತಮಾಷೆ ಮಾಡಲು ಬರುವುದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಅವಳ ಲೈಸೆನ್ಸು ಹಿಂದಿರುಗಿಸಿ. ದೂರ ಬಿದ್ದವರನ್ನೇ ಅಪರಾಧಿ ಮಾಡುವ ಆ ಟೇಪನ್ನು ಸುತ್ತಿ ಒಳಗಿಡಿ. ಅದಕ್ಕೂ ಮೊದಲು ಕಚೇರಿಯ ಹಾಳೆಯ ಮೇಲೆ ಅವಳ ವಿಳಾಸಕ್ಕೆ ಒಂದೇ ಸಾಲು ಬರೆಯಿರಿ: “ಅಮ್ಮಾ, ನೀವು ನಿಂತಿದ್ದಿರಿ.” ಕೆಳಗೆ ಸೀಲು ಹಾಕಲು ಮರೆಯಬೇಡಿ. ನಾನು ಹೇಳಿದರೆ ತಮ್ಮ ಸಮಾಧಾನ ಮಾಡುತ್ತಿದ್ದಾನೆ ಎಂದುಕೊಳ್ಳುತ್ತಾಳೆ. ಅವಳು ನಂಬುವುದು ನಿಮ್ಮನ್ನು.

ಇಂತಿ,
ಸ್ವಂತ ಅಕ್ಕನಿಗೇ ಪಾಠ ಒಪ್ಪಿಸಲಾಗದ
ಒಬ್ಬ ಭೌತಶಾಸ್ತ್ರದ ಮೇಷ್ಟ್ರು